ಮಾರ್ಗರಿಟಾಗೆ ನಿಂಬೆರಸ ಬೇಕು, ಹಿಂಡಿದ ಕೈಗೆ ಸೋಪು ಬೇಕು

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಮಾವಿನಹಣ್ಣಿನ ಮಾರ್ಗರಿಟಾ ಅನ್ನುವ ಕಾಕ್‌ಟೇಲನ್ನು ಮನೆಯಲ್ಲೇ ಮಾಡುವುದು ಹೇಗೆ ಅಂತ ಹಾಕಿದ್ದಿರಿ. ಕನ್ನಡ ಪತ್ರಿಕೆಯಲ್ಲಿ ಇಂಥದ್ದೆಲ್ಲ ಯಾಕೆ ಅಂತ ಬೈದು ಕೆಲವರು ಬರೆದಿರಬಹುದು. ನನ್ನದು ಆ ತಕರಾರಲ್ಲ. ಕುಡಿಯುವ ಅಭ್ಯಾಸ ಇರುವವರು ಮನೆಯಲ್ಲಿ ಕೂತು, ಅಳೆದು, ರುಚಿ ನೋಡಿಕೊಂಡು ಕುಡಿದರೆ ಅದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ. ನನ್ನ ತಕರಾರು ನಿಂಬೆಹಣ್ಣಿನದು. ನೀವು ಕೊಟ್ಟ ವಿಧಾನದಲ್ಲಿ ಪ್ಯಾಕೆಟ್ ಜ್ಯೂಸ್ ಇತ್ತು, ಸಕ್ಕರೆ ಪಾಕ ಇತ್ತು, ನಿಂಬೆ ಮಾತ್ರ ‘ಬೇಕಿದ್ದರೆ ಸ್ವಲ್ಪ’ ಅಂತ ಕೊನೆಯಲ್ಲಿತ್ತು. ನಿಂಬೆ ಬಿಟ್ಟರೆ ಅದು ಮಾರ್ಗರಿಟಾ ಅಲ್ಲವೇ ಅಲ್ಲ. ಬರೀ ಮದ್ಯ ಹಾಕಿದ ಮಾವಿನ ಪಾನಕ.

ಮೂಲದಲ್ಲಿ ಇದಕ್ಕೆ ಬೇಕಾಗುವುದು ಮೂರೇ ಸಾಮಾನು. ಮೆಕ್ಸಿಕೊದ ಮದ್ಯ ಟಕಿಲಾ, ಕಿತ್ತಳೆ ಸಿಪ್ಪೆಯ ಘಮದ ಸಿಹಿ ಮದ್ಯ ಟ್ರಿಪಲ್ ಸೆಕ್, ನಿಂಬೆರಸ. ಲೋಟದ ಅಂಚಿಗೆ ಉಪ್ಪು. ಬಾರ್‌ಟೆಂಡರ್‌ಗಳ ಅಂತರರಾಷ್ಟ್ರೀಯ ಸಂಘದ ಅಳತೆ 50 ಮಿಲಿ ಟಕಿಲಾ, 20 ಮಿಲಿ ಟ್ರಿಪಲ್ ಸೆಕ್, 15 ಮಿಲಿ ನಿಂಬೆರಸ. ಮಾವು, ಸ್ಟ್ರಾಬೆರಿ ಎಲ್ಲ ಆಮೇಲೆ ಸೇರಿಕೊಂಡಿದ್ದು. ಹಣ್ಣು ಸೇರಿದರೆ ಸಿಹಿ ಏರುತ್ತದೆ, ಆಗ ಹುಳಿಯನ್ನೂ ಏರಿಸಬೇಕು ಅಲ್ವಾ? ನಾನು ಮಾವಿಗೆ 25 ಮಿಲಿ ನಿಂಬೆರಸ ಹಾಕುತ್ತೇನೆ, ಸಕ್ಕರೆ ಪಾಕ ಒಂದು ಹನಿಯೂ ಇಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಅಮೆರಿಕದ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ದಪ್ಪಗಿನ, ಬೀಜವಿಲ್ಲದ ಪರ್ಷಿಯನ್ ನಿಂಬೆ. ಮೆಕ್ಸಿಕೊದವರು ಎಲ್ಲದಕ್ಕೂ ಹಿಂಡಿಕೊಳ್ಳುವ ಸಣ್ಣ ‘ಲಿಮೋನ್’ ಇದೆಯಲ್ಲ, ಅದು ನಮ್ಮ ಸಂತೆಯಲ್ಲಿ ಸಿಗುವ ತೆಳು ಸಿಪ್ಪೆಯ ಕಾಗ್ಜಿ ನಿಂಬೆಯ ಜಾತಿಯದೇ, ಏಷ್ಯಾದಿಂದ ಸ್ಪೇನಿನವರ ಮೂಲಕ ಅಲ್ಲಿಗೆ ಹೋಗಿದ್ದು. ವಿಜಯಪುರದ ಇಂಡಿ ನಿಂಬೆಗೆ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಅಂಥ ಹಣ್ಣು ಮನೆಯಲ್ಲಿರುವಾಗ ಬಾಟಲಿಯ ನಿಂಬೆರಸ ಯಾಕೆ ತರಬೇಕು? ಬೇಸಿಗೆಯಲ್ಲಿ ರೇಟು ಏರುತ್ತದೆ, ಒಪ್ಪುತ್ತೇನೆ. ಆದರೂ ಒಂದು ಲೋಟಕ್ಕೆ ಎರಡು ಹಣ್ಣು ಸಾಕು.

ನಾನು ಮಾಡುವ ರೀತಿ ಹೇಳುತ್ತೇನೆ. ಬಾದಾಮಿ ಮಾವು ಒಳ್ಳೆಯದು. ರಸಪುರಿ ತಿನ್ನುವುದಕ್ಕೆ ಚೆನ್ನ, ಇದಕ್ಕೆ ಸ್ವಲ್ಪ ನೀರಾಗುತ್ತದೆ. ಹಣ್ಣನ್ನು ಹೋಳು ಮಾಡಿ ಹಿಂದಿನ ರಾತ್ರಿಯೇ ಫ್ರೀಜರಿನಲ್ಲಿಡಿ. ಐಸ್ ಬದಲು ಈ ಹೋಳುಗಳನ್ನೇ ಮಿಕ್ಸಿಗೆ ಹಾಕಿದರೆ ಪಾನೀಯ ತೆಳುವಾಗುವುದಿಲ್ಲ, ಮಿಕ್ಸಿಯ ಬ್ಲೇಡಿಗೂ ಐಸಿನ ಪೆಟ್ಟು ಬೀಳುವುದಿಲ್ಲ. ಒಬ್ಬರಿಗೆ ಮೂರು ನಾಲ್ಕು ಹೋಳು ಸಾಕು. ಟಕಿಲಾ ಬಾಟಲಿಯ ಮೇಲೆ ‘100% ಅಗಾವೆ’ ಅಂತ ಇದೆಯಾ ನೋಡಿ ಕೊಳ್ಳಿ. ಅಗಾವೆ ಅಂದರೆ ಟಕಿಲಾ ಮಾಡುವ ಗಿಡ, ನಮ್ಮ ಹೊಲದ ಬೇಲಿಯ ಕತ್ತಾಳೆಯ ಬಳಗವೇ. ಹಾಗೆ ಬರೆದಿಲ್ಲದಿದ್ದರೆ ಅರ್ಧದ ಹತ್ತಿರದಷ್ಟು ಬೇರೆ ಸಕ್ಕರೆಯಿಂದ ಮಾಡಿದ್ದಿರಬಹುದು, ಕಾನೂನೇ ಅಷ್ಟಕ್ಕೆ ಬಿಟ್ಟಿದೆ. ಅಂಚಿಗೆ ಹರಳುಪ್ಪು ಕುಟ್ಟಿ, ಚಿಟಿಕೆ ಖಾರದಪುಡಿ ಬೆರೆಸಿ ಹಚ್ಚಿ, ಅದೂ ಲೋಟದ ಅರ್ಧಕ್ಕೆ ಮಾತ್ರ. ಮೆಕ್ಸಿಕೊದಲ್ಲೂ ಮಾವಿನಹಣ್ಣಿನ ಮೇಲೆ ನಿಂಬೆ ಹಿಂಡಿ ಮೆಣಸಿನಪುಡಿ ಉದುರಿಸಿಕೊಂಡು ತಿನ್ನುತ್ತಾರೆ, ನಾವು ಮಾವಿನಕಾಯಿಗೆ ಉಪ್ಪು ಖಾರ ಹಾಕಿಕೊಂಡು ತಿನ್ನುವ ಹಾಗೆ.

ಈಗ ನಾನು ಈ ಪತ್ರ ಬರೆಯಲು ಕೂತ ಕಾರಣಕ್ಕೆ ಬರುತ್ತೇನೆ. ಹೋದ ವರ್ಷ ಮೇ ತಿಂಗಳಲ್ಲಿ ಒಂದು ಶನಿವಾರ, ಸಂಜೆ ನೆಂಟರು ಬರುವವರಿದ್ದರು ಅಂತ ಮಧ್ಯಾಹ್ನ ಹನ್ನೆರಡಕ್ಕೇ ಇಪ್ಪತ್ತು ನಿಂಬೆಹಣ್ಣು ಕೈಯಲ್ಲೇ ಹಿಂಡಿಟ್ಟೆ. ಅಷ್ಟರಲ್ಲಿ ತಾರಸಿಯಿಂದ ಅತ್ತೆ ಕೂಗಿದರು, ಸಂಡಿಗೆ ಹಿಟ್ಟು ಆರುತ್ತಿದೆ ಬೇಗ ಬಾ ಅಂತ. ಕೈಯನ್ನು ಟವೆಲ್ಲಿಗೆ ಒರೆಸಿಕೊಂಡು ಓಡಿದೆ, ತೊಳೆಯಲಿಲ್ಲ. ಒಂದು ಗಂಟೆ ಬಿಸಿಲಲ್ಲಿ ಕೂತು ಸಂಡಿಗೆ ಹಾಕಿದೆವು. ಅವತ್ತು ಏನೂ ಆಗಲಿಲ್ಲ. ಸೋಮವಾರ ಬೆಳಗ್ಗೆ ಎದ್ದರೆ ಬಲಗೈ ಬೆರಳುಗಳ ಸಂದಿಯೆಲ್ಲ ಕೆಂಪಾಗಿ ಉರಿಯುತ್ತಿತ್ತು, ಸಂಜೆಗೆ ಬೊಬ್ಬೆ ಎದ್ದವು. ಮಣಿಕಟ್ಟಿನಿಂದ ಮೊಣಕೈ ಕಡೆಗೆ ಒಂದು ಗೆರೆ ಬೇರೆ, ರಸ ಇಳಿದು ಹೋದ ದಾರಿಯಲ್ಲೇ. ಮೊದಲು ನೋಡಿದ ಡಾಕ್ಟರು ಬಿಸಿ ಎಣ್ಣೆ ಸಿಡಿದಿದೆ ಅಂದರು. ಇಲ್ಲ ಅಂದರೂ ನಂಬಲಿಲ್ಲ. ಚರ್ಮದ ಡಾಕ್ಟರು ಆ ಗೆರೆ ನೋಡಿದ ಕೂಡಲೇ ಕೇಳಿದ್ದು ಒಂದೇ ಪ್ರಶ್ನೆ, ನಿಂಬೆಹಣ್ಣು ಹಿಂಡಿ ಬಿಸಿಲಿಗೆ ಹೋಗಿದ್ರಾ?

ಇದಕ್ಕೆ ಫೈಟೋಫೋಟೋಡರ್ಮಟೈಟಿಸ್ ಅಂತ ಹೆಸರು. ಈ ಪಾನೀಯದಿಂದಲೇ ‘ಮಾರ್ಗರಿಟಾ ಬರ್ನ್’ ಅಂತಲೂ ಕರೆಯುತ್ತಾರಂತೆ. ನಿಂಬೆಯ ಸಿಪ್ಪೆ ಮತ್ತು ರಸದಲ್ಲಿ ಫ್ಯೂರನೋಕೂಮರಿನ್ ಅನ್ನುವ ಪದಾರ್ಥಗಳಿವೆ. ಅವು ಚರ್ಮದ ಮೇಲಿರುವಾಗ ಬಿಸಿಲಿನ ಯುವಿಎ ಕಿರಣ ಬಿದ್ದರೆ ಚರ್ಮ ಸುಡುತ್ತದೆ. ಅಲರ್ಜಿ ಅಲ್ಲ, ಯಾರಿಗೆ ಬೇಕಾದರೂ ಆಗಬಹುದು. ಒಂದೆರಡು ದಿನ ಬಿಟ್ಟು ಕಾಣಿಸಿಕೊಳ್ಳುವುದರಿಂದ ನಿಂಬೆಹಣ್ಣಿನ ನೆನಪೇ ಯಾರಿಗೂ ಬರುವುದಿಲ್ಲ. ನನಗೆ ಬೊಬ್ಬೆ ಹತ್ತು ದಿನಕ್ಕೆ ಒಣಗಿದವು, ಕಂದು ಕಲೆ ಮಾತ್ರ ದಸರಾವರೆಗೂ ಇತ್ತು. ಇಷ್ಟನ್ನೆಲ್ಲ ತಪ್ಪಿಸಲು ಬೇಕಿದ್ದದ್ದು ಸೋಪು ಮತ್ತು ನಲ್ಲಿ ನೀರು, ಅಷ್ಟೇ. ಸುಮ್ನೆ ಒರೆಸಿದರೆ ಸಾಲದು. ಪಾನಕ, ಉಪ್ಪಿನಕಾಯಿ ಮಾಡುವವರಿಗೂ ಈ ಮಾತು ಅನ್ವಯಿಸುತ್ತದೆ.

ಮತ್ತೆ ಅಳತೆಯ ಬಗ್ಗೆಯೂ ನೀವು ಬರೆದಿರಲಿಲ್ಲ. ಟಕಿಲಾ 50ಕ್ಕೆ ಟ್ರಿಪಲ್ ಸೆಕ್ 20 ಸೇರಿದರೆ 70 ಮಿಲಿ. ಒಳ್ಳೆಯ ಟ್ರಿಪಲ್ ಸೆಕ್ ಕೂಡ ಟಕಿಲಾದಷ್ಟೇ ಗಟ್ಟಿ, ಸುಮಾರು 40% ಆಲ್ಕೋಹಾಲ್. ಅಂದರೆ ಒಂದು ಲೋಟದಲ್ಲಿ 60 ಮಿಲಿಯ ದೊಡ್ಡ ಪೆಗ್‌ಗಿಂತ ಜಾಸ್ತಿ ಇದೆ, ಮಾವಿನ ಸಿಹಿಯಲ್ಲಿ ಅದು ನಾಲಿಗೆಗೆ ಗೊತ್ತೇ ಆಗುವುದಿಲ್ಲ. ನಮ್ಮ ಮನೆಯಲ್ಲಿ ಮಕ್ಕಳ ಮಾವಿನ ಪಾನಕದ ಜಗ್ ಸ್ಟೀಲಿನದು, ದೊಡ್ಡವರದು ಗಾಜಿನದು. ಎರಡೂ ಒಂದೇ ಬಣ್ಣ ಇರುವಾಗ ಜಗ್ ಆದರೂ ಬೇರೆ ಇರಬೇಕು.

ಇನ್ನೂ ಮೂರು ನಾಲ್ಕು ವಾರ ಮಾವು ಸಿಗುತ್ತದೆ, ಬಿಸಿಲೂ ಇದೆ. ನಿಮ್ಮ ವಿಧಾನ ನೋಡಿ ಈ ಶನಿವಾರ ಯಾರೋ ಮಾಡೇ ಮಾಡುತ್ತಾರೆ. ಅದಕ್ಕೆ ಮೊದಲು, ಶುಕ್ರವಾರದ ಪತ್ರಿಕೆಯಲ್ಲಿ ನಿಂಬೆಯ ಅಳತೆಯನ್ನೂ, ಹಿಂಡಿದ ಮೇಲೆ ಸೋಪು ಹಾಕಿ ಕೈ ತೊಳೆದು ಬಿಸಿಲಿಗೆ ಹೋಗಿ ಅನ್ನುವುದನ್ನೂ ಎರಡು ಸಾಲಿನಲ್ಲಿ ಹಾಕಿ.

– ನಿಮ್ಮ ಹಳೆಯ ಓದುಗರಲ್ಲೊಬ್ಬಳು, ಮೈಸೂರು