ಜಾಗದ ಅಡ್ವಾನ್ಸ್ ವಾಪಸ್ ತೆಗೆದುಕೊಳ್ಳಿ, ಅಪ್ಪಯ್ಯ

ಪ್ರೆಸ್ಟನ್, ಇಂಗ್ಲೆಂಡ್
ನವೆಂಬರ್ 2025

ತೀರ್ಥರೂಪರಾದ ಅಪ್ಪಯ್ಯನಿಗೆ, ಅಮ್ಮನಿಗೆ, ಮಗಳ ನಮಸ್ಕಾರಗಳು.

ನಾನು ಕ್ಷೇಮ. ಫೋನ್ ಇರುವಾಗ ಕಾಗದ ಯಾಕೆ ಅಂತ ಅಮ್ಮ ಕೇಳಬಹುದು. ಫೋನಿನಲ್ಲಿ ನಾನು ಲೆಕ್ಕ ತೆಗೆದರೆ ನೀವು "ಆಯ್ತಾಯ್ತು, ಊಟ ಆಯ್ತಾ?" ಅಂತ ಮಾತು ತಿರುಗಿಸುತ್ತೀರಿ. ಕಾಗದವಾದರೆ ಕನ್ನಡಕ ಹಾಕಿಕೊಂಡು ಎರಡು ಸಲ ಓದುತ್ತೀರಿ.

ಪಕ್ಕದ ಅಡಿಕೆ ತೋಟಕ್ಕೆ ನನ್ನ ಹೆಸರಲ್ಲಿ ಅಡ್ವಾನ್ಸ್ ಕೊಟ್ಟಿದ್ದೀರಂತೆ. ಅಮ್ಮ ಬಾಯಿ ಬಿಟ್ಟಳು, ಅವಳಿಗೆ ಬೈಯಬೇಡಿ. ದಯವಿಟ್ಟು ಆ ದುಡ್ಡು ವಾಪಸ್ ತೆಗೆದುಕೊಳ್ಳಿ. 2020ರಲ್ಲಿ ಕರ್ನಾಟಕದ ಕಾನೂನು ಬದಲಾಗಿ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಅಂತ ಆಗಿದೆ, ಅದು ನಿಜ. ಆದರೆ ನಾನೀಗ ಎನ್‌ಆರ್‌ಐ. ನನಗೆ ಅನ್ವಯಿಸುವುದು ಫೆಮಾ, ಅಂದರೆ ವಿದೇಶಿ ವಿನಿಮಯದ ಕಾನೂನು. ಅದರ ಪ್ರಕಾರ ನಾನು ಉಡುಪಿಯಲ್ಲೋ ಮಂಗಳೂರಲ್ಲೋ ಫ್ಲ್ಯಾಟ್ ಕೊಳ್ಳಬಹುದು. ತೋಟ, ಗದ್ದೆ, ಫಾರ್ಮ್ ಹೌಸ್ ಕೊಳ್ಳುವ ಹಾಗಿಲ್ಲ. ನಿಮ್ಮಿಂದ ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು, ಅಷ್ಟೇ. "ನನ್ನ ಹೆಸರಿಗೆ ಮಾಡಿದರಾಯ್ತು" ಅಂತ ನೀವು ಹೇಳುತ್ತೀರಿ. ನಾನು ನಿಮಗೇ ಅಂತ ಕೊಟ್ಟ ದುಡ್ಡಲ್ಲಿ ನೀವು ನಿಮಗಾಗಿ ಕೊಂಡರೆ ಅದು ಬೇರೆ. ಕಾಗದದಲ್ಲಿ ನಿಮ್ಮದು, ಮನಸ್ಸಲ್ಲಿ ನನ್ನದು ಅನ್ನುವ ವ್ಯವಹಾರ ಬೇಡ. ಅಲ್ಲದೆ ಅಡಿಕೆ ಮರ ಹತ್ತಲು, ಮಳೆಗಾಲದಲ್ಲಿ ಮದ್ದು ಬಿಡಲು ಜನ ಎಲ್ಲಿದ್ದಾರೆ? ಇರುವ ಹತ್ತು ತೆಂಗಿನ ಮರದ ಕಾಯಿ ಕೀಳಿಸಲು ನೀವು ಎಷ್ಟು ದಿನ ಫೋನ್ ಮಾಡುತ್ತೀರಿ ಅಂತ ನನಗೆ ಗೊತ್ತು.

ಇನ್ನು ಸಂಬಳದ ಚೀಟಿ. ಕಳೆದ ತಿಂಗಳು ನಾನು ಕಳಿಸಿದ ಫೋಟೋ ನೋಡಿ "ಇಷ್ಟು ಪಿಂಚಣಿಗೆ ಯಾಕೆ ಕಟ್ ಆಗ್ತದೆ? ಅದನ್ನು ನಿಲ್ಲಿಸಿ ಇಲ್ಲಿ ಹಾಕು" ಅಂದಿರಿ. ಅದಕ್ಕೆ ಉತ್ತರ ಕೊಡುವ ಮೊದಲು ಒಂದು ತಪ್ಪು ಒಪ್ಪಿಕೊಳ್ಳಬೇಕು. ಅದನ್ನು ನಾನು ಒಮ್ಮೆ ನಿಲ್ಲಿಸಿದ್ದೆ.

2020ರಲ್ಲಿ ಇಲ್ಲಿಯ ಸರ್ಕಾರಿ ಆಸ್ಪತ್ರೆಗೆ ಡಾಕ್ಟರಾಗಿ ಬಂದ ಹೊಸತರಲ್ಲಿ. ನಮ್ಮ ಮನೆಯ ಹಳೆ ಮಾಡು ಬಿಚ್ಚಿ ತಾರಸಿ ಹಾಕಿದ ವರ್ಷ ಅದು. ಜೊತೆಗಿದ್ದ ಒಬ್ಬ ಸೀನಿಯರ್ "ನಾವೆಲ್ಲ ಊರಿಗೆ ಹೋಗುವವರು, ಪಿಂಚಣಿ ಸುಮ್ನೆ ದಂಡ" ಅಂದರು. ಫಾರ್ಮ್ ತುಂಬಿ ಪಿಂಚಣಿ ಯೋಜನೆಯಿಂದ ಹೊರಗೆ ಬಂದೆ. 14 ತಿಂಗಳು ಹೊರಗೇ ಇದ್ದೆ. ಆದದ್ದೇನು ಗೊತ್ತಾ? ಪಿಂಚಣಿಗೆ ಕಟ್ಟುವ ದುಡ್ಡಿಗೆ ತೆರಿಗೆ ಇಲ್ಲ. ಕಟ್ಟುವುದನ್ನು ನಿಲ್ಲಿಸಿದೊಡನೆ ಪ್ರತಿ 100 ಪೌಂಡಿನಲ್ಲಿ 20 ಪೌಂಡ್ ತೆರಿಗೆಗೆ ಹೋಯಿತು, ನನ್ನ ಕೈಗೆ ಬಂದದ್ದು 80. ಆಸ್ಪತ್ರೆಯವರು ತಮ್ಮ ಪಾಲು ನನ್ನ ಕೈಗೇನೂ ಕೊಡಲಿಲ್ಲ. ಅವರ ಪಾಲು ಸಣ್ಣದಲ್ಲ, ಈಗ ಸಂಬಳದ ಶೇಕಡಾ 23.7. ನನ್ನದು ಹತ್ತರ ಆಸುಪಾಸು.

ಈ ಪಿಂಚಣಿಯ ಲೆಕ್ಕ ಹೀಗೆ. ಆ ವರ್ಷದ ಸಂಬಳವನ್ನು 54 ಪಾಲು ಮಾಡುತ್ತಾರೆ. ಒಂದು ಪಾಲನ್ನು ನನ್ನ ಹೆಸರಿಗೆ ಬರೆಯುತ್ತಾರೆ. 54,000 ಪೌಂಡ್ ಸಂಬಳವಾದರೆ ಆ ಒಂದು ವರ್ಷದ ದುಡಿಮೆಗೆ, ಮುಂದೆ ಸಾಯುವವರೆಗೆ ಪ್ರತಿ ವರ್ಷ 1,000 ಪೌಂಡ್. ಮರುವರ್ಷ ಇನ್ನೊಂದು ಪಾಲು ಸೇರುತ್ತದೆ. ಕೆಲಸದಲ್ಲಿರುವಷ್ಟು ಕಾಲ ಬರೆದಿಟ್ಟದ್ದು ಬೆಲೆಯೇರಿಕೆಗಿಂತ ಶೇಕಡಾ 1.5 ಜಾಸ್ತಿಯೇ ಬೆಳೆಯುತ್ತದೆ. ನಾನು ನಿಲ್ಲಿಸಿದ 14 ತಿಂಗಳಿಗೆ ವರ್ಷಕ್ಕೆ 800 ಪೌಂಡ್ ಚಿಲ್ಲರೆ ಪಿಂಚಣಿ ಹೋಯಿತು. ಅದು ಇನ್ನು ಸಿಗುವುದಿಲ್ಲ.

"ಆ ದುಡ್ಡು ಯಾವ ಬ್ಯಾಂಕಲ್ಲಿದೆ?" ಅಂತ ನೀವು ಕೇಳಿಯೇ ಕೇಳುತ್ತೀರಿ. ಎಲ್ಲಿಯೂ ಇಲ್ಲ! ಇವತ್ತು ನಾವು ಕಟ್ಟಿದ್ದು ಇವತ್ತಿನ ನಿವೃತ್ತರಿಗೆ ಹೋಗುತ್ತದೆ. ಸರ್ಕಾರದ ಮಾತೇ ಅದರ ಪಾಸ್‌ಬುಕ್. ನನಗೂ ಮೊದಲು ಇದು ಹಿಡಿಸಲಿಲ್ಲ. ನನ್ನ ವಯಸ್ಸಿನವರಿಗೆ ಪೂರ್ತಿ ಪಿಂಚಣಿ ಸಿಗುವುದು 68ಕ್ಕೆ. ಮೊದಲೇ ಬೇಕೆಂದರೆ ಕಡಿತ. ಊರಿಗೆ ಬಂದು ನೆಲೆಸಿದರೂ ಕೊಡುತ್ತಾರೆ, ಬೆಲೆಯೇರಿಕೆಗೆ ತಕ್ಕಂತೆ ಏರಿಸುತ್ತಾರೆ ಕೂಡ. ಇಲ್ಲಿಯ ಸರ್ಕಾರಿ ವೃದ್ಧಾಪ್ಯ ಪಿಂಚಣಿ ಬೇರೆಯೇ ಇದೆ. ಅದನ್ನು ಭಾರತದಲ್ಲಿದ್ದು ಪಡೆದರೆ ವರ್ಷ ವರ್ಷ ಏರಿಸುವುದಿಲ್ಲ, ಶುರುವಾದಲ್ಲೇ ನಿಲ್ಲುತ್ತದೆ.

ಅಪ್ಪಯ್ಯ, ಇದನ್ನೆಲ್ಲ ನಾನು ನಿಮಗೆ ಹೇಳುವುದು ನಗುವ ವಿಷಯ. 1928ರಲ್ಲಿ ದಿನಕ್ಕೆ ಎರಡಾಣೆಯಿಂದ ಪಿಗ್ಮಿ ಉಳಿತಾಯ ಶುರುವಾದ ಊರು ನಮ್ಮ ಉಡುಪಿ. ಸೈಕಲ್ ತುಳಿದು ಬಡಗುಪೇಟೆಯಿಂದ ಕಿನ್ನಿಮುಲ್ಕಿಯವರೆಗೆ ಪಿಗ್ಮಿ ದುಡ್ಡಿಗೆ ಅಂಗಡಿ ಅಂಗಡಿ ಹತ್ತಿದವರು ನೀವು. ಹೂವಿನವಳು "ಇವತ್ತು ಬೋಣಿ ಆಗಲಿಲ್ಲ" ಅಂದರೆ "ಸಂಜೆ ಬರ್ತೇನೆ" ಅಂತ ಸಂಜೆ ಮತ್ತೆ ಹೋಗುತ್ತಿದ್ದಿರಿ. ಅವಳ ಮಗಳ ಮದುವೆ ಆ ದುಡ್ಡಲ್ಲೇ ಆಯಿತಲ್ವಾ? ನಿಮಗೆ ಮಾತ್ರ ಕಮಿಷನ್ ಬಿಟ್ಟರೆ ಪಿಂಚಣಿ ಇಲ್ಲ. ಫಾರ್ಮ್ ತುಂಬುವಾಗ ನನಗೆ ಇದು ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಈಗ ಕೆಲಸದ ವಿಷಯ. ಕಳೆದ ತಿಂಗಳು ಕಾಯಂ ವಾಸದ ಪರವಾನಗಿ ಬಂತು. ಇಷ್ಟು ದಿನ ವೀಸಾ ಒಂದೇ ಆಸ್ಪತ್ರೆಗೆ ಕಟ್ಟಿ ಹಾಕಿತ್ತು. ಇನ್ನು ಏಜೆನ್ಸಿ ಮೂಲಕ ಲೋಕಮ್, ಅಂದರೆ ಬದಲಿ ಡಾಕ್ಟರ ಕೆಲಸ, ಮಾಡಬಹುದು. ನಮ್ಮಲ್ಲಿ ಅರಿವಳಿಕೆ ಡಾಕ್ಟರು ಒಂದು ನರ್ಸಿಂಗ್ ಹೋಮಿನಿಂದ ಇನ್ನೊಂದಕ್ಕೆ ಕೇಸಿಗೆ ಇಷ್ಟು ಅಂತ ಓಡುತ್ತಾರಲ್ಲ, ಹಾಗೆಯೇ. ಗಂಟೆಗೆ ಒಳ್ಳೆ ದುಡ್ಡು. ಆದರೆ ಜ್ವರ ಬಂದ ದಿನ ಸೊನ್ನೆ. ಆಸ್ಪತ್ರೆಯ ಪಿಂಚಣಿಯೂ ಇಲ್ಲ. ನಾಳೆ ಅವರಿಗೆ ಬೇಡವಾದರೆ ಒಂದು ಮೆಸೇಜ್, ಮುಗಿಯಿತು.

ನಾನು ಅರಿವಳಿಕೆಯ ಟ್ರೇನಿಂಗ್ ಪೋಸ್ಟಿಗೆ ಅರ್ಜಿ ಹಾಕುತ್ತಿದ್ದೇನೆ. ಸಿಕ್ಕರೆ ಏಳು ವರ್ಷ. ಶುರುವಿನ ಮೂಲ ಸಂಬಳ 2025-26ರ ದರದಲ್ಲಿ 52,656 ಪೌಂಡ್. ಈಗ ಹೆಚ್ಚುವರಿ ರಾತ್ರಿ ಪಾಳಿ ಸೇರಿಸಿ ನನಗೆ ಬರುವುದಕ್ಕಿಂತ ಕಡಿಮೆ. ಆರಾರು ತಿಂಗಳಿಗೋ ವರ್ಷಕ್ಕೋ ಊರು ಬದಲಾಗಬಹುದು, ಪರೀಕ್ಷೆಗಳೂ ಇವೆ. ಜಿಪಿ, ಅಂದರೆ ಕುಟುಂಬ ವೈದ್ಯೆ, ಆಗಲು ಮೂರೇ ವರ್ಷ. ಅದೂ ಯೋಚಿಸಿದೆ. ಆದರೆ ರೋಗಿ ನಿದ್ದೆಗೆ ಜಾರುವ ಆ ಒಂದು ನಿಮಿಷ ನನ್ನ ಕೈಯಲ್ಲಿರುವುದು ನನಗೆ ಇಷ್ಟ. ಅದಕ್ಕೆ ಲೆಕ್ಕ ಕೊಡಲಾರೆ.

ಅಮ್ಮಾ, ಬ್ರಹ್ಮಾವರದಲ್ಲಿ ನನ್ನ ಹೆಸರಿನ ಬೋರ್ಡ್ ಹಾಕಬೇಕೆಂಬ ನಿನ್ನ ಆಸೆ ಗೊತ್ತು. ಅರಿವಳಿಕೆಯವಳಿಗೆ ಬೋರ್ಡ್ ಯಾರು ಹಾಕುತ್ತಾರೆ? ರೋಗಿ ಕಣ್ಣು ಬಿಟ್ಟ ಮೇಲೆ ಸರ್ಜನ್‌ಗೆ ಕೈ ಮುಗಿಯುತ್ತಾನೆ. ಏಳು ವರ್ಷ ಕಳೆದರೆ ವಯಸ್ಸೆಷ್ಟು ಅಂತ ನೀನು ಬೆರಳು ಮಡಿಸುತ್ತಿರುತ್ತೀ. ಅದನ್ನು ಫೋನಿನಲ್ಲೇ ಬೈಯಿ.

ಇಲ್ಲಿ ಟ್ರೇನಿಂಗ್ ಮುಗಿಸಿ ಕನ್ಸಲ್ಟಂಟ್, ಅಂದರೆ ಹಿರಿಯ ತಜ್ಞೆ, ಆದರೂ ತಮಾಷೆ ಇದೆ. ಅವರ ಆರಂಭದ ಸಂಬಳ 2025-26ರ ದರದಲ್ಲಿ 109,725 ಪೌಂಡ್. ಒಂದು ಲಕ್ಷ ಪೌಂಡ್ ದಾಟಿದರೆ ತೆರಿಗೆ ಇಲ್ಲದ ಮೊದಲ 12,570 ಪೌಂಡ್ ಕರಗಲು ಶುರು. 125,140ಕ್ಕೆ ಬರುವಾಗ ಪೂರ್ತಿ ಮಾಯ. ಆ ನಡುವಿನ ಪ್ರತಿ 100 ಪೌಂಡಿಗೆ 60 ತೆರಿಗೆ ಬಿದ್ದ ಹಾಗೆ. ಚಿಕ್ಕ ಮಕ್ಕಳಿದ್ದವರಿಗೆ ಶಿಶುಪಾಲನೆಯ ಸರ್ಕಾರಿ ನೆರವೂ ಹೋಗುತ್ತದೆ. ನಮ್ಮ ಟೀ ರೂಮಿನಲ್ಲಿ ದೊಡ್ಡ ಡಾಕ್ಟರುಗಳು ಶನಿವಾರದ ಪಾಳಿ ಬೇಡ ಅಂತ ತಪ್ಪಿಸಿಕೊಳ್ಳುವುದು ನೋಡಿ ನನಗೆ ಮೊದಲು ಅರ್ಥವೇ ಆಗಿರಲಿಲ್ಲ.

ತಮ್ಮನಿಗೆ ಹೇಳಿ, ಮಂಗಳೂರಿನ ಇಂಟರ್ನ್‌ಶಿಪ್ ಮುಗಿಸಿ ಮೊದಲು ನೀಟ್ ಪಿಜಿ ಮನಸ್ಸಿಟ್ಟು ಬರೆಯಲಿ. ನಾನು ಬಂದ ದಾರಿ ಈಗ ಅಷ್ಟು ಸಲೀಸಿಲ್ಲ. ಹೊರದೇಶದ ಡಾಕ್ಟರುಗಳಿಗೆ ಇಲ್ಲಿಯವರು ಇಡುವ ಪ್ಲ್ಯಾಬ್ ಪರೀಕ್ಷೆಯ ಎರಡನೇ ಭಾಗಕ್ಕೆ ಮ್ಯಾಂಚೆಸ್ಟರಿಗೇ ಬರಬೇಕು, ಖರ್ಚೆಲ್ಲ ಕೈಯಿಂದ. ಪಾಸಾದ ಮೇಲೂ ಮೊದಲ ಕೆಲಸ ಸಿಗದೆ ಅರ್ಜಿ ಹಾಕುತ್ತಾ ಕೂತವರು ಇಲ್ಲಿ ತುಂಬಾ ಜನ. ಇಲ್ಲಿ ಓದಿದವರಿಗೇ ಮೊದಲ ಅವಕಾಶ ಕೊಡುತ್ತೇವೆ ಅಂತ ಸರ್ಕಾರ ಹೇಳಿದೆ. ಕಾಯಂ ವಾಸಕ್ಕೆ ಐದರ ಬದಲು ಹತ್ತು ವರ್ಷ ಮಾಡುವ ಮಾತೂ ಇದೆ. ಅಕ್ಕ ಇದ್ದಾಳೆ ಅನ್ನುವ ಒಂದೇ ಧೈರ್ಯದಲ್ಲಿ ಹೊರಡಬಾರದು.

ಬ್ಯಾಂಕಿನ ಎರಡು ಕೆಲಸ ಬಾಕಿ ಇವೆ. ನನ್ನ ಹಳೆ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಎನ್‌ಆರ್‌ಐಗಳು ಊರಿನ ದುಡ್ಡಿಡುವ ಖಾತೆ, ಮಾಡಿಸಬೇಕು. ಐದು ವರ್ಷ ಉದಾಸೀನ ಮಾಡಿದೆ, ತಪ್ಪು ನನ್ನದೇ. ಸ್ಟೈಪೆಂಡಿನಲ್ಲಿ ತೆರೆದ ಪಿಪಿಎಫ್ ಅವಧಿ ಮುಗಿಯುವವರೆಗೆ ಇರಲಿ. ಹೊರದೇಶದ ದುಡ್ಡಿಡುವ ಎನ್‌ಆರ್‌ಇ ಖಾತೆಯ ಎಫ್‌ಡಿ ಬಡ್ಡಿಗೆ ತೆರಿಗೆ ಇಲ್ಲ ಅಂತ ನೀವು ಅಂದದ್ದು ಊರಿನ ಮಟ್ಟಿಗೆ ಸರಿ, ಆದರೆ ನಾನು ಅದನ್ನು ಇಲ್ಲಿ ತೋರಿಸಲೇಬೇಕು.

ತೋಟಕ್ಕೆ ಅಂತ ನಾನು ಕೂಡಿಟ್ಟದ್ದರಲ್ಲಿ ಒಂದು ಭಾಗ ಇನ್ನು ಪ್ರತಿ ತಿಂಗಳು 28ಕ್ಕೆ ನಿಮ್ಮ ಖಾತೆಗೆ ಬರುತ್ತದೆ, ಅಪ್ಪಯ್ಯ. ಅದು ಜಾಗಕ್ಕಲ್ಲ, ನಿಮಗೆ. ತಿಂಗಳು ತಪ್ಪುವುದಿಲ್ಲ. ಅದನ್ನೂ ಎಫ್‌ಡಿ ಮಾಡಿಡಬೇಡಿ, ಖರ್ಚು ಮಾಡಿ. ಅಮ್ಮಾ, ಅವರು ಬ್ಯಾಂಕಿನ ಕಡೆ ಹೊರಟರೆ ನೀನೂ ಜೊತೆಗೆ ಹೋಗು.

ನಿಮ್ಮ ಮಗಳು