ಮೇ ತಿಂಗಳಲ್ಲಿ ಏಕೆ ಬರಲಾಗುತ್ತಿಲ್ಲ ಅಂದರೆ

ಎಡಿನ್‌ಬರ್ಗ್
ಏಪ್ರಿಲ್ 12

ಪ್ರೀತಿಯ ಅಪ್ಪ, ಅಮ್ಮ,

ಇಬ್ಬರಿಗೂ ನಮಸ್ಕಾರ. ನಾನು ಇಲ್ಲಿ ಚೆನ್ನಾಗಿದ್ದೇನೆ. ಚಳಿ ಇನ್ನೂ ಹೋಗಿಲ್ಲ. ಅಮ್ಮ ಕಳಿಸಿದ ಚಟ್ನಿಪುಡಿ ಅರ್ಧ ಡಬ್ಬ ಉಳಿದಿದೆ.

ಹುಲ್ಲು ಮೇಯುವ ಕುದುರೆಗಳನ್ನು ಕೊಲ್ಲುವ ಒಂದು ಕಾಯಿಲೆಯಿಂದಾಗಿ ಇಲ್ಲಿನ ಕುದುರೆ ಆಸ್ಪತ್ರೆಯ ಕೆಲಸ ಬಿಟ್ಟು ಮೇ ತಿಂಗಳಲ್ಲಿ ಊರಿಗೆ ಬರುವುದಿಲ್ಲ ಅಂದಾಗ ಅಮ್ಮ ಫೋನಿನಲ್ಲಿ ಮಾತೇ ಆಡಲಿಲ್ಲ. ಅಪ್ಪ ಮಾತ್ರ, "ಹುಲ್ಲು ತಿಂದು ಕುದುರೆ ಸಾಯುತ್ತಾ? ಹುಲ್ಲೇ ಅಲ್ವಾ ಅದರ ಊಟ?" ಅಂತ ಕೇಳಿದಿರಿ. ಅವಸರದಲ್ಲಿ ಹೇಳುವ ವಿಷಯ ಅದಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಆ ಕಾಯಿಲೆಗೆ ಇಲ್ಲಿ ಗ್ರಾಸ್ ಸಿಕ್‌ನೆಸ್, ಅಂದರೆ ಹುಲ್ಲಿನ ಕಾಯಿಲೆ, ಅನ್ನುತ್ತಾರೆ. ಹೆಚ್ಚಾಗಿ ಬಯಲಲ್ಲಿ ಮೇಯುವ ಕುದುರೆಗಳಿಗೇ ಬರುತ್ತದೆ. ಮೊದಲು ಕಂಡದ್ದು 1907ರಲ್ಲಿ, ಇಲ್ಲೇ ಸ್ಕಾಟ್ಲೆಂಡಿನ ಡಂಡೀ ಊರಿನ ಹತ್ತಿರ ಬ್ಯಾರಿ ಎಂಬಲ್ಲಿದ್ದ ಸೈನ್ಯದ ಕ್ಯಾಂಪಿನಲ್ಲಿ. ಆಗ ಇಲ್ಲಿ ಹೊಲ ಉಳುವುದು, ಗಾಡಿ ಎಳೆಯುವುದು ಎಲ್ಲ ಕುದುರೆಯೇ. ಬಿತ್ತನೆ ಹೊತ್ತಿಗೆ ಕುದುರೆ ಸತ್ತರೆ ಆ ವರ್ಷದ ಬೇಸಾಯವೇ ಹೋಯಿತು. ಅಲ್ಲಿಂದ ನೂರು ವರ್ಷ ದಾಟಿದೆ. ಕಾರಣ ಇದೇ ಅಂತ ಇಂದಿಗೂ ಯಾರೂ ತೋರಿಸಿಲ್ಲ.

ನಮ್ಮ ಹಸು ಮೇವನ್ನು ಮೊದಲು ದೊಡ್ಡ ಹೊಟ್ಟೆಯಲ್ಲಿ ಹುದುಗಿಸಿ, ಮೆಲುಕು ಹಾಕಿ, ಆಮೇಲೆ ಮುಂದಕ್ಕೆ ಕಳಿಸುತ್ತದೆ. ಕುದುರೆ ಮೆಲುಕು ಹಾಕುವುದಿಲ್ಲ. ಅದರ ಜಠರ ತೀರಾ ಚಿಕ್ಕದು, 8ರಿಂದ 15 ಲೀಟರ್ ಅಷ್ಟೇ. ಹುಲ್ಲು ಹುದುಗುವುದು ಕೊನೆಯಲ್ಲಿ, ದೊಡ್ಡ ಕರುಳಿನಲ್ಲಿ. ಹಾಗಾಗಿ ತಿಂದದ್ದು ದಿನವಿಡೀ ಮುಂದೆ ಸಾಗುತ್ತಲೇ ಇರಬೇಕು. ಕುದುರೆಗೆ ವಾಂತಿ ಮಾಡಲೂ ಆಗುವುದಿಲ್ಲ.

ಈ ಕಾಯಿಲೆಯಲ್ಲಿ ಕರುಳನ್ನು ನಡೆಸುವ ನರಗಳೇ ಸಾಯುತ್ತವೆ. ಬಾವಿಯಲ್ಲಿ ನೀರಿದೆ, ಪೈಪು ಸರಿಯಿದೆ, ಪಂಪ್‌ಸೆಟ್ಟಿಗೆ ಕರೆಂಟ್ ಇಲ್ಲ ಅಂದುಕೊಳ್ಳಿ. ಕರುಳಿನಲ್ಲಿ ಗಂಟಿಲ್ಲ, ಏನೂ ಅಡ್ಡ ಬಂದಿಲ್ಲ, ಆದರೂ ಎಲ್ಲ ನಿಂತುಬಿಡುತ್ತದೆ. ಜಠರದಲ್ಲಿ ನೀರು ತುಂಬಿ ಮೂಗಿನಿಂದ ಹಸಿರಾಗಿ ಇಳಿಯುತ್ತದೆ. ಮೈ ಅಲ್ಲಲ್ಲಿ ಬೆವರುತ್ತದೆ, ನಡುಗುತ್ತದೆ. ಬಾಯಿಗೆ ಇಟ್ಟದ್ದನ್ನು ನುಂಗಲಾಗುವುದಿಲ್ಲ. ಜೋರಾಗಿ ಬಂದರೆ ಎರಡು ದಿನದೊಳಗೆ ಮುಗಿಯುತ್ತದೆ. ಆಗ ನೋವಿಲ್ಲದೆ ಕಳಿಸಿಕೊಡುವುದು ಬಿಟ್ಟು ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಬಹಳಷ್ಟು ಎರಡರಿಂದ ಏಳು ವರ್ಷದ ಕುದುರೆಗಳು, ಮೈತುಂಬಿಕೊಂಡು ಚೆನ್ನಾಗಿದ್ದವು. ಮಾಲೀಕರಿಗೆ ಹೇಳುವ ಆ ಮಾತು ನನಗೆ ಇನ್ನೂ ಅಭ್ಯಾಸವಾಗಿಲ್ಲ. ಆಗುವುದೂ ಬೇಡ.

ಗುರುತಿಸುವುದೂ ಕಷ್ಟ. ಹೊಟ್ಟೆ ಕೊಯ್ದು ಸಣ್ಣ ಕರುಳಿನ ಕೊನೆಯ ಭಾಗದಿಂದ ಒಂದು ಚೂರು ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಮಾತ್ರ ಬದುಕಿರುವಾಗ ಖಚಿತವಾಗಿ ಹೇಳಬಹುದು. ಅದಕ್ಕೂ ಮೊದಲು ಒಂದು ಸರಳ ಪರೀಕ್ಷೆ ಇದೆ. ಈ ಕುದುರೆಗಳ ರೆಪ್ಪೆ ಜೋತು ಬಿದ್ದು, ರೆಪ್ಪೆಗೂದಲು ಕೆಳಗೆ ನೋಡುತ್ತಿರುತ್ತದೆ. ಒಂದು ಕಣ್ಣಿಗೆ ಮಾತ್ರ ಫಿನೈಲೆಫ್ರಿನ್ ಎಂಬ ಔಷಧಿಯ ಹನಿ ಹಾಕಿ ಅರ್ಧ ಗಂಟೆ ಕಾಯುತ್ತೇವೆ. ಆ ಕಣ್ಣಿನ ರೆಪ್ಪೆಗೂದಲು ಮೇಲೆದ್ದು, ಇನ್ನೊಂದು ಹಾಗೇ ಇದ್ದರೆ ಅನುಮಾನ ಬಲವಾಗುತ್ತದೆ. ಹೊಟ್ಟೆಯೊಳಗಿನ ಕಾಯಿಲೆಯ ಸುಳಿವು ಕಣ್ಣಲ್ಲಿ ಸಿಗುತ್ತದೆ ಅಂದರೆ ನನಗೆ ಈಗಲೂ ಆಶ್ಚರ್ಯ.

ಎಲ್ಲವೂ ಸಾಯುವುದಿಲ್ಲ, ಅಮ್ಮ. ನಿಧಾನವಾಗಿ ಬರುವ ಬಗೆಯೂ ಒಂದಿದೆ. ಅದರಲ್ಲಿ ಆರೈಕೆ ಚೆನ್ನಾಗಿ ಸಿಕ್ಕರೆ ಸುಮಾರು ಅರ್ಧದಷ್ಟು ಕುದುರೆಗಳು ಉಳಿಯುತ್ತವೆ. ಈಗ ನಮ್ಮಲ್ಲಿ ಅಂಥ ಒಂದು ಹೆಣ್ಣು ಕುದುರೆ ಇದೆ. ಹೊಟ್ಟೆ ಬೆನ್ನಿಗೆ ಅಂಟಿದೆ, ನಾಲ್ಕು ಕಾಲನ್ನೂ ಹತ್ತಿರ ಕೂಡಿಸಿಕೊಂಡು ನಿಲ್ಲುತ್ತದೆ. ಇದನ್ನು ಗುಣಪಡಿಸುವ ಔಷಧಿ ಯಾವುದೂ ಇಲ್ಲ. ನೋವಿಗೆ ಮದ್ದು ಕೊಟ್ಟು, ಮೈಗೆ ಕಂಬಳಿ ಹೊದಿಸಿ, ಎರಡು ಮೂರು ಗಂಟೆಗೊಮ್ಮೆ ಕೈಯಿಂದ ತಿನ್ನಿಸುತ್ತೇವೆ. ಈಗ ತಾನೇ ಕಿತ್ತ ಹುಲ್ಲು, ಕ್ಯಾರೆಟ್, ಜಜ್ಜಿದ ಓಟ್ಸ್, ಕಾಕಂಬಿ ಬೆರೆಸಿದ ಹಿಂಡಿ. ನಿನ್ನೆ ಇಷ್ಟಪಟ್ಟದ್ದನ್ನು ಇವತ್ತು ಮುಟ್ಟುವುದಿಲ್ಲ. ಅದರ ಯಜಮಾನಿ ದಿನಾ ಬಂದು ಮೈ ಉಜ್ಜಿ, ಮಾತಾಡಿಸಿ, ಹೊರಗೆ ನಡೆಸುತ್ತಾರೆ. ಅವರಿದ್ದರೆ ನಾಲ್ಕು ತುತ್ತು ಜಾಸ್ತಿ ತಿನ್ನುತ್ತದೆ. ರಾತ್ರಿ ಪಾಳಿಯಲ್ಲಿ ನಾನು ತಿನ್ನಿಸುವಾಗ, ಕರು ಮೇವು ಬಿಟ್ಟ ದಿನ ಅಮ್ಮ ಕೊಟ್ಟಿಗೆಯಲ್ಲೇ ಕೂತುಬಿಡುತ್ತಿದ್ದದ್ದು ನೆನಪಾಗುತ್ತದೆ. ಆ ಕೆಲಸ ನಿಮಗೆ ಅರ್ಥವಾಗುತ್ತದೆ, ಅಲ್ವಾ?

ಇನ್ನು ಮೇ ತಿಂಗಳ ಮಾತು. ಕಾಯಿಲೆ ಜಾಸ್ತಿ ಬರುವುದು ಏಪ್ರಿಲ್‌ನಿಂದ ಜುಲೈವರೆಗೆ, ಅದರಲ್ಲೂ ಮೇನಲ್ಲಿ. ಹತ್ತು ದಿನ ಒಣಹವೆ, 7ರಿಂದ 11 ಡಿಗ್ರಿ ತಂಪು ಇದ್ದ ಮೇಲೆ ಹೆಚ್ಚು ಕಾಣುತ್ತದೆ ಎಂದು ಹಿಂದಿನವರು ಬರೆದಿಟ್ಟಿದ್ದಾರೆ. ಒಮ್ಮೆ ಬಂದ ಬಯಲಿಗೇ ಮತ್ತೆ ಬರುತ್ತದೆ. ಹೊಸದಾಗಿ ತಂದ ಕುದುರೆಗೆ ಅಪಾಯ ಹೆಚ್ಚು. ಅಪ್ಪನಿಗೆ ಇಷ್ಟವಾಗುವ ಸಂಗತಿ ಇನ್ನೊಂದಿದೆ: ದನ ಕುರಿಗಳ ಜೊತೆ ಮೇಯುವ ಕಡೆ ಅಪಾಯ ಕಡಿಮೆ. ಲದ್ದಿಯನ್ನು ಕೈಯಿಂದ ಎತ್ತಿದರೂ ಕಡಿಮೆ, ಯಂತ್ರದಿಂದ ಎತ್ತಿದರೆ ಹೆಚ್ಚು. ಇದನ್ನೆಲ್ಲ ನೋಡಿದರೆ ಗುಟ್ಟು ಮಣ್ಣಿನಲ್ಲೇ ಇದೆ ಅಂತ ನನಗೆ ಅನಿಸುತ್ತದೆ. ಮಣ್ಣಿನಲ್ಲಿರುವ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯಾದ ವಿಷ ಇರಬಹುದು ಎಂದು ಟೋಚರ್ ಎಂಬವರು 1920ರ ದಶಕದಲ್ಲೇ ಹೇಳಿ, ಕುದುರೆಗಳಿಗೆ ಲಸಿಕೆ ಕೊಟ್ಟು ನೋಡಿದ್ದರು. ಆ ವಾದ ಇನ್ನೂ ಇತ್ಯರ್ಥವಾಗಿಲ್ಲ. ಅದಲ್ಲ, ಬೇರೆ ವಿಷ ಅನ್ನುವವರೂ ಇದ್ದಾರೆ.

ಇದಕ್ಕೇ ನಮ್ಮ ಪಕ್ಕದಲ್ಲಿ ಪ್ರಾಣಿಗಳ ಕಾಯಿಲೆಗಳ ಸಂಶೋಧನೆ ಮಾಡುವ ಮೊರೆಡನ್ ಸಂಸ್ಥೆಯಲ್ಲಿ ಮಾದರಿಗಳನ್ನು ಕೂಡಿಡುತ್ತಿದ್ದಾರೆ. ಕಾಯಿಲೆ ಬಿದ್ದ ಕುದುರೆಯ ರಕ್ತ, ಲದ್ದಿ ಮಾತ್ರ ಸಾಲದು. ಅದೇ ಬಯಲಲ್ಲಿ ಅದೇ ಹುಲ್ಲು ತಿಂದು ಚೆನ್ನಾಗಿಯೇ ಇರುವ ಕುದುರೆಯದ್ದೂ ಬೇಕು, ಅಲ್ಲಿನ ಹುಲ್ಲು ಮಣ್ಣೂ ಬೇಕು. ಒಂದಕ್ಕೆ ಬಂದು ಇನ್ನೊಂದಕ್ಕೆ ಏಕೆ ಬರಲಿಲ್ಲ? ಉತ್ತರ ಸಿಗುವುದಾದರೆ ಆ ಎರಡು ಕುದುರೆಗಳ ನಡುವೆಯೇ ಸಿಗಬೇಕು. ಮಾದರಿಯನ್ನು ತಡಮಾಡದೆ ತೆಗೆಯಬೇಕು. ಮೇನಲ್ಲಿ ನಾನು ಊರಿಗೆ ಬಂದರೆ ಒಂದು ವರ್ಷದ ಕೆಲಸ ಕೈಬಿಟ್ಟ ಹಾಗೆ.

ಅಮ್ಮನಿಗೆ ಭಯ ಬೇಡ. ಇದು ಅಂಟುವ ಕಾಯಿಲೆ ಅಲ್ಲ. ಬ್ರಿಟನ್, ಉತ್ತರ ಯುರೋಪಿನ ತಂಪು ನಾಡುಗಳಲ್ಲೇ ಹೆಚ್ಚು. ಕುಣಿಗಲ್ ಫಾರಂ ಕುದುರೆಗಳ ಬಗ್ಗೆ ಕೇಳಿದಿರಲ್ಲ, ಅವುಗಳಿಗೂ ಇದರ ಚಿಂತೆ ಬೇಡ.

ಗೌರಿ ಹಬ್ಬಕ್ಕೆ ಖಂಡಿತ ಬರುತ್ತೇನೆ. ಟಿಕೆಟ್ ನೋಡುತ್ತಿದ್ದೇನೆ. ಮಾವಿನಹಣ್ಣು ಅಷ್ಟು ಹೊತ್ತಿಗೆ ಮುಗಿದಿರುತ್ತದೆ, ಒಂದು ಜಾಡಿ ಉಪ್ಪಿನಕಾಯಿ ತೆಗೆದಿಡಿ. ಅಪ್ಪ, ಈ ಪತ್ರವನ್ನು ಅಮ್ಮನಿಗೆ ಪೂರ್ತಿ ಓದಿ ಹೇಳಿ. ಭಾನುವಾರ ಸಂಜೆ ಫೋನ್ ಮಾಡುತ್ತೇನೆ, ಅಮ್ಮನೇ ಎತ್ತಲಿ.

ಇಂತಿ,
ನಿಮ್ಮ ಪ್ರೀತಿಯ ಮಗಳು