ಮಗಳಿಗೊಂದು ಪತ್ರ: ದಸರಾ ರಜೆಯ ಕ್ಯಾಂಪ್ ಶುರುವಾಗುವ ಮುಂಚೆ

ಪ್ರೀತಿಯ ಮಗಳೇ,

ಕರ್ತನ ಹೆಸರಿನಲ್ಲಿ ವಂದನೆ. ಈ ಸಲ ಮಕ್ಕಳ ಮತ್ತು ಯೌವನಸ್ಥರ ಕ್ಯಾಂಪನ್ನು ನೀನೇ ನಡೆಸಬೇಕು ಅಂತ ನಮ್ಮ ಚರ್ಚಿನ ಸಭೆಯವರು ತೀರ್ಮಾನ ಮಾಡಿದ್ದು ಕೇಳಿ ನನಗೂ ನಿಮ್ಮಪ್ಪನಿಗೂ ತುಂಬಾ ಖುಷಿಯಾಯಿತು. ನೀನು ಫೋನಿನಲ್ಲಿ ಲಿಸ್ಟ್ ಕೇಳಿದ್ದೆ. ಎಷ್ಟು ಅಕ್ಕಿ, ಎಷ್ಟು ಜಮಖಾನೆ, ಯಾವ ಹಾಡು, ಯಾವ ಆಟ ಅಂತ. ಅದನ್ನೆಲ್ಲ ನಿಮ್ಮಪ್ಪ ಬರೆದು ವಾಟ್ಸಾಪ್‌ನಲ್ಲಿ ಕಳಿಸ್ತಾರೆ. ನಾನು ಬರೆಯಲು ಕೂತಿರುವುದು ಬೇರೆ ವಿಷಯ. ಫೋನಿನಲ್ಲಿ ಹೇಳಲು ಹೋದರೆ ಅರ್ಧಕ್ಕೇ ನಿಂತುಹೋಗುತ್ತೆ.

ಮೊದಲೇ ಹೇಳಿಬಿಡ್ತೀನಿ. ಮಗುವಿನ ತಟ್ಟೆಗೂ ಮಗುವಿನ ಪ್ರಾರ್ಥನೆಗೂ ಗಂಟು ಹಾಕಬೇಡ. ಕ್ಯಾಂಪಿಗೆ ಬಂದ ಮಗು ಊಟ ಮಾಡಬೇಕು, ಆಡಬೇಕು, ನಿದ್ದೆ ಮಾಡಬೇಕು. ಅದು ಹಾಡಿದರೂ ಅಷ್ಟೇ, ಹಾಡದೆ ಸುಮ್ನೆ ಕೂತರೂ ಅಷ್ಟೇ. ಇದೊಂದು ಸರಿಯಾಗಿ ಕೂತರೆ ಉಳಿದದ್ದು ಹಾಗೂ ಹೀಗೂ ನಡೆಯುತ್ತೆ.

ನೀನೂ ಇದೇ ಕ್ಯಾಂಪಿನಲ್ಲಿ ಬೆಳೆದವಳು. ಆದರೆ ನೀನು ಟೀಚರ್ ಮಗಳು, ಮನೆಯಲ್ಲಿ ಎರಡು ಹೊತ್ತು ಒಲೆ ಹತ್ತುತ್ತಿತ್ತು. ಬರುವ ಮಕ್ಕಳಲ್ಲಿ ಜಾಸ್ತಿ ಜನರ ಕಥೆ ಹಾಗಿಲ್ಲ. ನಮ್ಮ ರಾಯಚೂರು ಕಡೆ ಸುಗ್ಗಿ ಮುಗಿಯಿತು ಅಂದರೆ ಅರ್ಧ ಕೇರಿ ಗುಳೆ ಹೋಗುತ್ತೆ, ಬೆಂಗಳೂರಿನ ಕಟ್ಟಡಗಳಿಗೆ, ಹೈದರಾಬಾದಿಗೆ. ಮಕ್ಕಳು ಒಂದೋ ಅಪ್ಪ ಅವ್ವನ ಜೊತೆ ಶೆಡ್ಡಿನಲ್ಲಿ ಇರ್ತಾರೆ, ಇಲ್ಲವೋ ಅಜ್ಜಿ ಹತ್ತಿರ ಉಳೀತಾರೆ. ಅದಕ್ಕೇ ನಾವು ಬೇಸಿಗೆ ಬಿಟ್ಟು ದಸರಾ ರಜೆಯನ್ನು ಹಿಡಿದದ್ದು. ಆಗ ಊರಿನಲ್ಲಿ ಜನ ಇರ್ತಾರೆ. ಆದರೆ ಆಗಲೇ ಹತ್ತಿ ಕೆಲಸವೂ ಇರುತ್ತೆ, ಅದನ್ನು ಮುಂದೆ ಹೇಳ್ತೀನಿ.

ರಜೆ ಅಂದರೆ ಶಾಲೆಯ ಬಿಸಿಯೂಟವೂ ಇಲ್ಲ. ಇದನ್ನು ಬೆಂಗಳೂರಿನಲ್ಲಿರುವ ನಿನ್ನ ಗೆಳತಿಯರಿಗೆ ಬಿಡಿಸಿ ಹೇಳು, ವಾಲಂಟಿಯರ್ ಆಗಿ ಬರ್ತಾರಲ್ಲ ಅವರಿಗೆ. 2021ರ ಡಿಸೆಂಬರಿನಲ್ಲಿ ಸರ್ಕಾರ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರು ಮಾಡಿದಾಗ ಮೊದಲು ಆರಿಸಿಕೊಂಡದ್ದು ನಮ್ಮ ಭಾಗದ ಜಿಲ್ಲೆಗಳನ್ನೇ. ಯಾಕೆ ಅಂದರೆ ಅಪೌಷ್ಟಿಕತೆ ಇಲ್ಲೇ ಜಾಸ್ತಿ. ಶಾಲೆಯಲ್ಲಿ ಮಧ್ಯಾಹ್ನ ತುಂಬಿದ ತಟ್ಟೆ ಕಂಡ ಮಗುವಿಗೆ ರಜೆಯಲ್ಲಿ ಆ ಹೊತ್ತಿಗೆ ಏನು ಸಿಗುತ್ತೆ ಅಂತ ಕ್ಯಾಂಪಿನ ಮೊದಲ ದಿನ ಗೊತ್ತಾಗುತ್ತೆ. ಮೊದಲ ಊಟದಲ್ಲಿ ಮಕ್ಕಳು ಮಾತಾಡುವುದಿಲ್ಲ. ಕೆಲವರು ಎರಡನೇ ರೊಟ್ಟಿಯನ್ನು ಮಡಚಿ ಅಂಗಿಯೊಳಗೆ ಇಟ್ಟುಕೊಳ್ತಾರೆ. ಅದನ್ನು ನೋಡಿ ಯಾರೂ ಏನೂ ಅನ್ನಬಾರದು. ಸಂಜೆಗೆ ಮತ್ತೆ ಊಟ ಇದೆ, ನಾಳೆಯೂ ಇದೆ ಅಂತ ಎಲ್ಲರಿಗೂ ಕೇಳುವಂತೆ ಹೇಳಿಸು, ಸಾಕು. ಎರಡನೇ ದಿನಕ್ಕೆ ತಾನೇ ನಿಲ್ಲುತ್ತೆ.

ಈಗ ಗಂಟು ಹಾಕುವ ವಿಷಯ. ಯಾರೂ ಕೆಟ್ಟ ಮನಸ್ಸಿನಿಂದ ಹಾಕುವುದಿಲ್ಲ ಕಣೇ. "ಬೈಬಲ್ ವಚನ ಬಾಯಿಪಾಠ ಒಪ್ಪಿಸಿದವರು ಮೊದಲು ಊಟಕ್ಕೆ ಬನ್ನಿ" ಅಂತ ಒಬ್ಬ ಉತ್ಸಾಹಿ ಅಣ್ಣ ಹೇಳ್ತಾನೆ. "ಯೇಸುವನ್ನು ಪ್ರೀತಿಸುವವರು ಕೈ ಎತ್ತಿ" ಅಂತ ಹೇಳಿ ಕೈ ಎತ್ತಿದವರಿಗೆ ಬ್ಯಾಗ್ ಕೊಡ್ತಾರೆ. ಬ್ಯಾಗ್ ಕಂಡರೆ ಯಾವ ಮಗು ತಾನೇ ಕೈ ಎತ್ತುವುದಿಲ್ಲ? ಆ ಕೈಯನ್ನು ಎಣಿಸಿ ರಿಪೋರ್ಟಿನಲ್ಲಿ ಬರೆದರೆ ನಾವು ಮಗುವಿಗೂ ಸುಳ್ಳು ಕಲಿಸಿದ ಹಾಗೆ, ದೇವರ ಮುಂದೆಯೂ ಸುಳ್ಳು ಹೇಳಿದ ಹಾಗೆ. ಯೇಸು ಸ್ವಾಮಿ ಐದು ಸಾವಿರ ಜನಕ್ಕೆ ರೊಟ್ಟಿ ಮೀನು ಹಂಚಿದಾಗ ಯಾರು ನಂಬಿದವರು, ಯಾರು ಸುಮ್ನೆ ನೋಡೋಕೆ ಬಂದವರು ಅಂತ ಸಾಲು ಬೇರೆ ಮಾಡಿಸಲಿಲ್ಲ. ಹುಲ್ಲಿನ ಮೇಲೆ ಕೂರಿಸಿದರು, ಎಲ್ಲರಿಗೂ ಕೊಟ್ಟರು. ಆ ಐದು ರೊಟ್ಟಿ ಎರಡು ಮೀನು ಬಂದದ್ದೂ ಒಬ್ಬ ಹುಡುಗನ ಹತ್ತಿರದಿಂದ.

ಬಹುಮಾನ ಕೊಡಬಾರದು ಅಂತ ಅಲ್ಲ. ಓಟಕ್ಕೆ ಕೊಡು, ಚಿತ್ರಕ್ಕೆ ಕೊಡು, ವಚನ ಚೆನ್ನಾಗಿ ಹೇಳಿದವರಿಗೂ ಒಂದು ಪೆನ್ಸಿಲ್ ಕೊಡು. ಬ್ಯಾಗು, ನೋಟ್‌ಬುಕ್ಕು, ಚಪ್ಪಲಿ, ಇವು ಮಾತ್ರ ಎಲ್ಲರಿಗೂ ಸಮ. ಬಂದ ದಿನವೇ ಹಂಚಿಬಿಡು. ಕೊನೇ ದಿನ ವೇದಿಕೆ ಮೇಲೆ ಕರೆದು ಕೊಡುವ ಪದ್ಧತಿ ನನಗೆ ಹಿಡಿಸುವುದಿಲ್ಲ. ಕೊಟ್ಟವರ ಕೈ ಫೋಟೋದಲ್ಲಿ ಮುಂದೆ ಇರುತ್ತೆ, ಮಗು ಹಿಂದೆ ಇರುತ್ತೆ.

ನೋಂದಣಿ ಫಾರಂ ನೀನೇ ಮಾಡಿಸು, ಹಳೆಯದನ್ನು ಜೆರಾಕ್ಸ್ ಮಾಡಿಸಬೇಡ. ಹೆಸರು, ವಯಸ್ಸು, ಯಾರಿಗೆ ಫೋನ್ ಮಾಡಬೇಕು, ಯಾವ ಕಾಯಿಲೆ, ಯಾವ ಮಾತ್ರೆ, ಏನು ತಿಂದರೆ ಆಗುವುದಿಲ್ಲ. ಇಷ್ಟು ಸಾಕು. ಧರ್ಮ, ಜಾತಿ ಕಾಲಂ ಬೇಡವೇ ಬೇಡ. ನಮ್ಮ ಕೇರಿಗಳಲ್ಲಿ ಇದು ಸಣ್ಣ ವಿಷಯ ಅಲ್ಲ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿ ಅನ್ನುವುದು ಮೊದಲು ಹಿಂದೂಗಳಿಗೆ ಮಾತ್ರ ಇತ್ತು, 1956ರಲ್ಲಿ ಸಿಖ್ಖರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರಾದ ದಲಿತರು ಆ ಪಟ್ಟಿಯಿಂದ ಹೊರಗೇ ಇದ್ದಾರೆ. ಅಜ್ಜಿ ಚರ್ಚಿಗೆ ಬರ್ತಾಳೆ, ಅಪ್ಪ ಬರಲ್ಲ, ಮಗಳ ಹಾಸ್ಟೆಲ್ ಸೀಟು, ಸ್ಕಾಲರ್‌ಶಿಪ್ ಎಲ್ಲ ಜಾತಿ ಪ್ರಮಾಣಪತ್ರದ ಮೇಲೆ ನಿಂತಿದೆ. ಇಂಥ ಮನೆಯ ಹುಡುಗಿಯ ಹೆಸರಿನ ಮುಂದೆ ನಮ್ಮ ವಾಲಂಟಿಯರ್ ಒಬ್ಬಳು ಖುಷಿಗೆ "ಕ್ರೈಸ್ತಳು" ಅಂತ ಬರೆದುಬಿಟ್ಟರೆ ಅದರ ಬೆಲೆ ತೆರುವವಳು ಆ ಹುಡುಗಿ. ಈ ಅನ್ಯಾಯದ ಬಗ್ಗೆ ನನಗೆ ಹೊಟ್ಟೆ ಉರಿಯುತ್ತೆ, ಅದು ಬೇರೆ ಮಾತು. ಫಾರಂ ಮೇಲೆ ಆ ಕಾಲಂ ಬೇಡ.

ತಂದೆ ತಾಯಿಯ ಒಪ್ಪಿಗೆ ಪತ್ರ ಬೇಕೇ ಬೇಕು. ಕ್ಯಾಂಪಿನಲ್ಲಿ ಬೈಬಲ್ ಕಥೆ ಇರುತ್ತೆ, ಪ್ರಾರ್ಥನೆ ಇರುತ್ತೆ ಅಂತ ಅದರಲ್ಲಿ ಸ್ಪಷ್ಟವಾಗಿ ಬರೆ. "ಬೇಸಿಕ್ ಇಂಗ್ಲಿಷ್ ಕ್ಯಾಂಪ್", "ವ್ಯಕ್ತಿತ್ವ ವಿಕಸನ" ಅಂತ ಮುಚ್ಚಿಡಬೇಡ. ಓದಲು ಬರದವರಿಗೆ ಜೋರಾಗಿ ಓದಿ ಹೇಳಿ ಆಮೇಲೆ ಹೆಬ್ಬೆಟ್ಟು ಹಾಕಿಸು. ಸಂವಿಧಾನದ 28ನೇ ವಿಧಿ ಸರ್ಕಾರದ ಅನುದಾನ ಪಡೆಯುವ ಶಾಲೆಗಳಿಗೇ ಹೇಳುತ್ತೆ, ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ ಕೂರಿಸಬಾರದು ಅಂತ. ನಮ್ಮದು ಶಾಲೆ ಅಲ್ಲ, ಆದರೂ ಅದು ನನಗೆ ಒಳ್ಳೆಯ ಅಳತೆ. 2022ರಲ್ಲಿ ನಮ್ಮ ರಾಜ್ಯದಲ್ಲಿ ಮತಾಂತರ ತಡೆಯುವ ಕಾಯ್ದೆ ಬಂದಾಗ ನಮ್ಮವರು ತುಂಬಾ ಜನ ಹೆದರಿ ಮಕ್ಕಳ ಕೆಲಸವನ್ನೇ ಬಿಟ್ಟರು. ಅದರಲ್ಲಿ ಆಮಿಷ ಅನ್ನುವ ಮಾತಿಗೆ ಉಡುಗೊರೆ, ಉಚಿತ ಶಿಕ್ಷಣ ಎಲ್ಲ ಸೇರಿಸಿದ್ದರು. ನಾನು ಹೇಳುವುದಿಷ್ಟೇ. ಕಾಯ್ದೆ ಇರಲಿ ಬಿಡಲಿ, ಹಸಿದ ಮಗುವಿನ ಹಸಿವನ್ನು ಹಿಡಿದು ಎಳೆದು ತಂದ ಭಕ್ತಿ ಭಕ್ತಿಯಲ್ಲ. ಬೇರೆ ಧರ್ಮದ ಮನೆಯ ಮಗು ಪ್ರಾರ್ಥನೆ ಹೊತ್ತಿಗೆ ಹೊರಗೆ ಬೇವಿನ ಮರದ ಕೆಳಗೆ ಕೇರಂ ಆಡ್ತೀನಿ ಅಂದರೆ ಒಬ್ಬ ಅಕ್ಕ ಅದರ ಜೊತೆ ಕೂತು ಆಡಲಿ. ಅದಕ್ಕೊಬ್ಬರನ್ನು ಮೊದಲೇ ನೇಮಿಸಿಬಿಡು.

ಹತ್ತಿ ವಿಷಯ ಹೇಳ್ತೀನಿ ಅಂದೆನಲ್ಲ. ಗಡಿ ಆಚೆ ತೆಲಂಗಾಣದ ಗದ್ವಾಲ್ ಕಡೆ ಬೀಜದ ಹತ್ತಿ ಹೊಲಗಳಿವೆ. ಅಲ್ಲಿ ಕ್ರಾಸಿಂಗ್ ಕೆಲಸಕ್ಕೆ, ಅಂದರೆ ಎರಡು ತಳಿ ಬೆರೆಸುವ ಕೆಲಸಕ್ಕೆ, ಹುಡುಗಿಯರನ್ನು ಕರೆದುಕೊಂಡು ಹೋಗ್ತಾರೆ. ಮರುದಿನ ಅರಳುವ ಮೊಗ್ಗನ್ನು ಹಿಂದಿನ ದಿನ ಮಧ್ಯಾಹ್ನದ ಮೇಲೆ ಹಿಡಿದು, ಹೆಬ್ಬೆರಳ ಉಗುರಿನಿಂದ ಸುತ್ತ ಸೀಳಿ, ಒಳಗಿನ ಗಂಡು ಭಾಗವನ್ನು ಪೂರ್ತಿ ಸುಲಿದು ತೆಗೆಯಬೇಕು, ನಡುವಿನ ಕಡ್ಡಿಗೆ ಏಟು ಬೀಳಬಾರದು. ಬೆಳಿಗ್ಗೆ ಬೇರೆ ಸಾಲಿನ ಗಂಡು ಹೂ ತಂದು ಆ ಕಡ್ಡಿಗೆ ಉಜ್ಜಬೇಕು. ಒಂದೊಂದೇ ಮೊಗ್ಗು, ಹೊಲ ಪೂರ್ತಿ. ಒಂದು ಕ್ಯಾಂಪಿನಲ್ಲಿ ಬೆಳಿಗ್ಗೆ ಸ್ನಾನ ಆದ ಮೇಲೆ ಅಕ್ಕಂದಿರು ಸಾಲಾಗಿ ಕೂರಿಸಿ ಉಗುರು ಕತ್ತರಿಸ್ತಾ ಇದ್ದರು. ಒಬ್ಬ ಹುಡುಗಿ, ಎಂಟನೇ ಕ್ಲಾಸು ಇರಬೇಕು, ಬಲಗೈ ಲಂಗದ ಕೆಳಗೆ ಇಟ್ಟುಕೊಂಡು ಎಡಗೈ ಮಾತ್ರ ಕೊಟ್ಟಳು. ಬಲಗೈ ಹೆಬ್ಬೆರಳ ಉಗುರು ಉದ್ದವಾಗಿ, ಗಟ್ಟಿಯಾಗಿ, ಅಂಚಿನಲ್ಲಿ ಕಪ್ಪಾಗಿತ್ತು. ಕೊಳಕು ಅಂತ ಅಕ್ಕ ಹಿಡಿದೆಳೆಯಲು ಹೋದಾಗ ಅವಳು ಅಳಲಿಲ್ಲ, "ಇದು ಹೋದ್ರೆ ಸೋಮವಾರ ಕೆಲ್ಸಕ್ಕೆ ಕರೆಯೋದಿಲ್ರಿ" ಅಂದಳು ಅಷ್ಟೇ.

ಆ ಉಗುರನ್ನು ಹಾಗೇ ಬಿಟ್ಟೆವು. ಕ್ಯಾಂಪ್ ಮುಗಿದ ಮೇಲೆ ಅವಳ ಮನೆಗೆ ಹೋಗಿ, ಅವ್ವನ ಹತ್ತಿರ ಕೂತು, ಸಾಲ ಎಷ್ಟಿದೆ, ಮುಂಗಡ ಯಾರ ಹತ್ತಿರ ತಗೊಂಡಿದ್ದಾರೆ ಎಲ್ಲ ಕೇಳಿ, ಶಾಲೆಯ ಹೆಡ್‌ಮಾಸ್ಟರ್ ಹತ್ತಿರ ಮಾತಾಡಿ ಅವಳನ್ನು ಮತ್ತೆ ಕ್ಲಾಸಿಗೆ ಕೂರಿಸಲು ತುಂಬಾ ದಿನ ಹಿಡಿಯಿತು. ಉಗುರು ಆಮೇಲೆ ಅವಳೇ ಕತ್ತರಿಸಿಕೊಂಡಳು. ನಿನಗೆ ಇದನ್ನು ಯಾಕೆ ಬರೆದೆ ಅಂದರೆ, ಮಗುವಿನ ಬದುಕು ಗೊತ್ತಿಲ್ಲದೆ ಮಗುವಿನ ಸ್ವಚ್ಛತೆ, ಶಿಸ್ತು, ಪಾಪ, ಪಶ್ಚಾತ್ತಾಪ ಅಂತ ಪಾಠ ಹೇಳಲು ಆಗುವುದಿಲ್ಲ. ನಿನ್ನ ವಾಲಂಟಿಯರ್‌ಗಳನ್ನು ಒಂದು ದಿನ ಮುಂಚೆಯೇ ಕರೆಸಿ ಕೇರಿಗಳಿಗೆ ಕರೆದುಕೊಂಡು ಹೋಗು. ಗಿಟಾರ್ ಪ್ರಾಕ್ಟೀಸ್ ಆಮೇಲೆ ಮಾಡಲಿ.

ಈ ಕೆಲಸದ ಬೇರು ಅಲ್ಲೇ ಇದೆ ಕಣೇ. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್ ಊರಿನಲ್ಲಿ ರಾಬರ್ಟ್ ರೇಕ್ಸ್ ಸಂಡೇ ಸ್ಕೂಲ್ ಶುರು ಮಾಡಿದ್ದು ಇಂಥ ಮಕ್ಕಳಿಗೇ. ವಾರವೆಲ್ಲ ಗುಂಡುಸೂಜಿ ಕಾರ್ಖಾನೆಯಲ್ಲಿ ದುಡಿಯುವ ಮಕ್ಕಳು, ಬಿಡುವು ಭಾನುವಾರ ಒಂದೇ, ಅವತ್ತು ಅವರಿಗೆ ಅಕ್ಷರ ಕಲಿಸಿದರು. ನಮ್ಮ ಪಂಡಿತಾ ರಮಾಬಾಯಿಯನ್ನೇ ತಗೋ. ಹುಟ್ಟಿದ್ದು 1858ರಲ್ಲಿ, ನಮ್ಮದೇ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ಬರಗಾಲದಲ್ಲಿ ಅಪ್ಪ, ಅಮ್ಮ, ಅಕ್ಕ ಮೂವರನ್ನೂ ಕಳೆದುಕೊಂಡವರು, ಹಸಿವು ಅಂದರೇನು ಅಂತ ಮೈಯಲ್ಲಿ ಗೊತ್ತಿದ್ದವರು. 1896-97ರ ಬರದಲ್ಲಿ ಮಧ್ಯಪ್ರಾಂತ್ಯಕ್ಕೆ ಹೋಗಿ ಹಸಿದ ಹೆಣ್ಣುಮಕ್ಕಳನ್ನು ಕರೆತಂದು ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಇಟ್ಟುಕೊಂಡು ಸಾಕಿದರು. ಅವರಿಗೆ ನೇಯ್ಗೆ ಕಲಿಸಿದರು, ಹೊಲದ ಕೆಲಸ ಕಲಿಸಿದರು, ಅಚ್ಚುಮೊಳೆ ಜೋಡಿಸುವುದು ಕಲಿಸಿದರು. ರಮಾಬಾಯಿ ಮರಾಠಿಗೆ ತಂದ ಬೈಬಲನ್ನು ಅಚ್ಚು ಹಾಕಿದ್ದು ಅದೇ ಹೆಣ್ಣುಮಕ್ಕಳು. ದೊಡ್ಡ ಹುಡುಗಿಯರಿಗೆ ಒಂದು ರಾತ್ರಿ ಇವರ ಕಥೆ ಹೇಳು. ನಮ್ಮ ಹುಡುಗಿಯರಿಗೆ ಹೊರದೇಶದವರ ಕಥೆಗಿಂತ ಇದು ಬೇಗ ಹತ್ತಿರವಾಗುತ್ತೆ.

ಹದಿಹರೆಯದವರದು ಬೇರೆ ಲೆಕ್ಕ. ಅವರಿಗೆ ಆಕ್ಷನ್ ಸಾಂಗ್ ಮಾಡಿಸಿದರೆ ಮುಖ ತಿರುಗಿಸ್ತಾರೆ. ಅವರಿಗೆ ಕೆಲಸ ಕೊಡು. ಬಡಿಸುವುದು, ಚಿಕ್ಕವರಿಗೆ ಆಟ ಆಡಿಸುವುದು, ಮೈಕ್ ನೋಡಿಕೊಳ್ಳುವುದು. ಸಂಜೆ ಪ್ರಶ್ನೆ ಡಬ್ಬಿ ಇಡು, ಹೆಸರು ಬರೆಯದೆ ಚೀಟಿ ಹಾಕಲಿ. ಏನೇನು ಬರುತ್ತೆ ಅಂತ ನೋಡು. ದೇವರು ಇದ್ದರೆ ನಮ್ಮಪ್ಪ ಯಾಕೆ ಕುಡೀತಾನೆ ಅಂತ ಬರುತ್ತೆ. ಹತ್ತನೇ ಕ್ಲಾಸಾದ ಮೇಲೆ ಮದುವೆ ಮಾಡ್ತೀವಿ ಅಂತಿದ್ದಾರೆ, ಏನು ಮಾಡಲಿ ಅಂತ ಬರುತ್ತೆ. ಇಂಥದಕ್ಕೆ ವಚನ ಓದಿ ಮುಗಿಸಬೇಡ. ಹದಿನೆಂಟು ತುಂಬದ ಹುಡುಗಿಯ ಮದುವೆ ಕಾನೂನಿನಲ್ಲಿ ಅಪರಾಧ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರೆ ದುಡ್ಡು ಹೋಗಲ್ಲ ಅಂತ ಎಲ್ಲರ ಮುಂದೆ ಹೇಳು, ಆ ನಂಬರನ್ನು ಗೋಡೆ ಮೇಲೆ ದೊಡ್ಡದಾಗಿ ಬರೆಸು. ದೇವರು ತಮ್ಮ ಬದುಕಿನಲ್ಲಿ ಏನು ಮಾಡಿದ ಅಂತ ಎಲ್ಲರ ಮುಂದೆ ಸಾಕ್ಷಿ ಹೇಳುವ ರಾತ್ರಿ ಮಾತ್ರ ಎಚ್ಚರ. ಮನೆಯ ಕಷ್ಟ ಹೇಳಿ ಅಳುವಂತೆ ಯಾವ ಮಗುವನ್ನೂ ಮೈಕ್ ಮುಂದೆ ನಿಲ್ಲಿಸಬೇಡ. ಅತ್ತ ಮಗು ಮರುದಿನ ಊರಿನ ಮಕ್ಕಳ ಜೊತೆಯೇ ಬಸ್ಸಿನಲ್ಲಿ ಕೂತು ಹೋಗಬೇಕು, ಅಲ್ವಾ?

ಒಂದು ವಿಷಯದಲ್ಲಿ ಯಾರ ಮಾತೂ ಕೇಳಬೇಡ. ದೊಡ್ಡವರೊಬ್ಬರು ಒಂದು ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಇರಬಾರದು. ಪಾಸ್ಟರ್ ಆಗಲಿ, ಪ್ರಾರ್ಥನೆ ಮಾಡುವುದಕ್ಕೇ ಆಗಲಿ. ಹುಡುಗಿಯರ ಹಾಲಿಗೆ ಬೇರೆ ಬಾಗಿಲು, ಇಬ್ಬರು ಅಕ್ಕಂದಿರು ರಾತ್ರಿ ಅಲ್ಲೇ ಮಲಗಬೇಕು, ಶೌಚಾಲಯದ ದಾರಿಗೆ ಲೈಟ್ ಇರಬೇಕು. ಯಾವುದಾದರೂ ಮಗು ತನಗೆ ಆದ ಕೆಟ್ಟದ್ದನ್ನು ಹೇಳಿದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಗೊತ್ತಿದ್ದೂ ಸುಮ್ಮನಿದ್ದರೆ ಅದೇ ಅಪರಾಧ. "ಸಭೆಯ ಹೆಸರು ಹಾಳಾಗುತ್ತೆ, ಪ್ರಾರ್ಥನೆ ಮಾಡೋಣ" ಅಂತ ಹಿರಿಯರು ಹೇಳಬಹುದು. ಪ್ರಾರ್ಥನೆ ಮಾಡು, ಫೋನನ್ನೂ ಮಾಡು. ಫೋನ್ ಮೊದಲು.

ದಾನಿಗಳು ಫೋಟೋ ಕೇಳ್ತಾರೆ. ಆಟದ್ದು, ಅಡುಗೆಯದ್ದು, ಮಕ್ಕಳು ಬರೆದ ಚಿತ್ರದ್ದು ಕಳಿಸು. ಮುಖ ಕಾಣುವ ಫೋಟೋ, ಊರು, ಕಷ್ಟದ ಕಥೆ ಮೂರೂ ಸೇರಿಸಿ ಕಳಿಸಬೇಡ. ಬೇಕೇ ಬೇಕು ಅಂದವರ ದುಡ್ಡು ಬೇಡ ಅನ್ನುವ ಧೈರ್ಯ ಮಾಡು. ಕಡಿಮೆ ಬಿದ್ದರೆ ನನ್ನ ಪೆನ್ಷನ್‌ನಿಂದ ಸ್ವಲ್ಪ ಕೊಡ್ತೀನಿ, ಮಹಿಳಾ ಕೂಟದವರು ರೊಟ್ಟಿ ಬಡಿದು ಕೊಡ್ತೀವಿ ಅಂತ ಹೇಳಿದ್ದಾರೆ.

ಕ್ಯಾಂಪ್ ಮುಗಿದ ಮೇಲಿನ ಭಾನುವಾರಗಳನ್ನು ಈಗಲೇ ಖಾಲಿ ಇಟ್ಟುಕೋ, ಮನೆಗಳಿಗೆ ಹೋಗಬೇಕು. ದೂರದ ಊರುಗಳಿಗೆ ನಿಮ್ಮಪ್ಪ ಬೈಕಿನಲ್ಲಿ ಬರ್ತಾರಂತೆ. ಎಸ್ಸೆಸ್ಸೆಲ್ಸಿಗೆ ಬಂದ ಹುಡುಗಿಯರ ಹೆಸರು ಬೇರೆ ಬರೆದಿಟ್ಟುಕೊಂಡು ಜೂನ್ ತನಕ ಬಿಡದೆ ವಿಚಾರಿಸು, ಕಾಲೇಜಿಗೆ ಸೇರಿದರೋ ಇಲ್ಲವೋ ಅಂತ. ಗ್ಯಾಸ್ ಸಿಲಿಂಡರ್ ಈ ವಾರವೇ ಬುಕ್ ಮಾಡಿಬಿಡು, ಹಬ್ಬದ ಹೊತ್ತಿಗೆ ಸಿಗೋದು ಕಷ್ಟ.

ನಿನ್ನ ಅಮ್ಮ